ಸಕಾರದ ಕೊಂಬು

ಪತ್ರಿಕೆಯಲ್ಲಿ ಬರೆದುದನ್ನು ಸರಕಾರವು ಓದುವುದಿಲ್ಲವೆಂದು ಕೊರಗುವವರು ಇಂದಿಗೂ ಉಂಟು. ಓದಿದರೆ ಏನಾಗುವುದೆಂಬುದನ್ನು ನಾನು ಕಂಡಿದ್ದೇನೆ.

ಕೊಂಬು

ಏಕೀಕರಣವಾದ ಹೊಸತು. ನಾನು ಸಿದ್ದಾಪುರದಲ್ಲಿ ಕನ್ನಡ ಕಲಿಸುತ್ತ, ಬಯಲುಸೀಮೆಯ ಒಂದು ವಾರಪತ್ರಿಕೆಗೆ ಸುದ್ದಿಯನ್ನೂ ಕಳುಹಿಸುತ್ತಿದ್ದೆನು. ಹಳ್ಳದಾಚೆಯ ಊರಿನ ಹಿರಿಯರೊಬ್ಬರು ಬಂದು, "ಮೂರು ಅರ್ಜಿ ಕೊಟ್ಟಾತು ಮಾಸ್ತರೇ. ಮಳೆಗಾಲ ಬಂದ್ರೆ ಮಕ್ಕಳಿಗೆ ಶಾಲೆಗೆ ಹೋಪಲೆ ಆಗ್ತಿಲ್ಲೆ. ಪೇಪರಿನಲ್ಲಿ ಎಂತಾದ್ರೂ ಬರೀರಿ" ಎಂದರು.

ಹಳ್ಳ ದಾಟುವ ಕಾಲುಸೇತುವೆಗೆ ನಮ್ಮಲ್ಲಿ ಸಂಕವೆನ್ನುವರು. 'ಈ ಊರಿಗೆ ಸಂಕ ಬೇಕು' ಎಂದು ಬರೆದು ಕಳುಹಿಸಿದೆನು. ಬಯಲುಸೀಮೆಯ ಅಚ್ಚಿನ ಮೊಳೆ ಜೋಡಿಸುವವನು ಸಂಕವನ್ನು ಕಂಡವನಲ್ಲ. ನನ್ನ ಕೈತಪ್ಪೆಂದು ಕರುಣೆಯಿಂದ ತಿದ್ದಿದನು. 'ಈ ಊರಿಗೆ ಸುಂಕ ಬೇಕು' ಎಂದು ಅಚ್ಚಾಯಿತು. ಅಧಿಕಾರಿಗಳಿಗೆ ಕೊಂಬಿರುವುದೆಂದು ಕೇಳಿದ್ದೆನು. ಈ ಸಲ ಸಕಾರಕ್ಕೂ ಬಂದಿತ್ತು.

ಮಂಜೂರಿ

ಮೂರು ಅರ್ಜಿಗಳಿಗೆ ಅಲುಗದ ಸರಕಾರವು ಹದಿನೈದು ದಿನಗಳಲ್ಲಿ ಹಳ್ಳದ ಈಚೆಯ ದಡದವರೆಗೆ ಜೀಪಿನಲ್ಲಿ ಬಂದಿತು. ಇಳಿದ ಸಾಹೇಬರು ಧಾರವಾಡದ ಕಡೆಯವರು.

"ಸುಂಕ ಬ್ಯಾಡ ಅನ್ನೋರನ್ನ ಭಾಳ ನೋಡೀನ್ರಿ. ಬೇಕು ಅಂದವ್ರು ನೀವ ಮೊದಲನೇದವ್ರು."

"ರಾಯರೇ, ಅದು ಸುಂಕ ಅಲ್ಲ, ಸಂಕ" ಎಂದರು ಹಿರಿಯರು.

"ಅಚ್ಚಿನಾಗ ಹಿಂಗ ಐತಲ್ರಿ. ಮ್ಯಾಲಿನವ್ರು ಓದಿ ಮಂಜೂರ್ ಮಾಡ್ಯಾರ. ನೀವು ಬಾಯಾಗ ಹೇಳಿದ್ದನ್ನ ನಾ ಎಲ್ಲಿ ಫೈಲ್ ಮಾಡ್ಲಿ?"

ಊರಿಗೆ ಸುಂಕದ ಕಟ್ಟೆ ಮಂಜೂರಾಯಿತು. ಆ ಊರಿಗೆ ಅದುವರೆಗೆ ಒಂದು ಗಾಡಿಯೂ ಹೋಗಿರಲಿಲ್ಲ.

ಸುಖದುಃಖ

ಊರಿನ ಎಲ್ಲೆಯು ಹಳ್ಳದಾಚೆಗೆ. ಆದುದರಿಂದ ಕಟ್ಟೆಯೂ ಆಚೆಗೆ. ಸುಂಕದವನು ಬಂದುದು ಆಷಾಢದಲ್ಲಿ. ಮೂರು ದಿನ ಈಚೆಯ ದಡದಲ್ಲಿ ಕೊಡೆ ಹಿಡಿದು ನಿಂತು, ನಾಲ್ಕನೆಯ ದಿನ ನನ್ನ ಮನೆಗೆ ಬಂದನು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬುದು ಗಾದೆ. ಇಲ್ಲಿ ಸುಂಕದವನೇ ನನ್ನ ಮುಂದೆ ಹೇಳಿಕೊಂಡನು. ನಾನು ಅವನ ವರದಿಯನ್ನು ಬರೆದುಕೊಟ್ಟೆನು: 'ಸರಕಾರೀ ನೌಕರನು ಕರ್ತವ್ಯಸ್ಥಾನವನ್ನು ತಲುಪಲು ಮಾರ್ಗವಿಲ್ಲ.'

ಮಳೆ ನಿಂತೊಡನೆ ಕಲ್ಲುಕಂಬದ ಗಟ್ಟಿ ಸಂಕವೊಂದು ಎದ್ದಿತು. ಸುಂಕದವನು ಗಂಭೀರವಾಗಿ ದಾಟಿದನು. ಅವನು ಆಚೆ ಸೇರಿದೊಡನೆ ಈಚೆಗೆ ಬಂದವು, ಪಾಟಿಚೀಲ ಹೊತ್ತ ಹನ್ನೊಂದು ಮಕ್ಕಳು.

ತಿದ್ದುಪಡಿ

ಇಷ್ಟಾದ ಮೇಲೆ, ನಾನು ಹಿಂದೆಯೇ ಕಳುಹಿಸಿದ್ದ ತಿದ್ದುಪಡಿಯನ್ನು ಪತ್ರಿಕೆಯು ಮೂಲೆಯೊಂದರಲ್ಲಿ ಅಚ್ಚು ಹಾಕಿತು: 'ಸುಂಕ ಎಂದಿರುವುದನ್ನು ಸಂಕ ಎಂದು ಓದಿಕೊಳ್ಳತಕ್ಕದ್ದು.'

ಸರಕಾರವು ಅದನ್ನೂ ಓದಿತು. ತಿಂಗಳೊಳಗೆ ಸುಂಕದ ಕಟ್ಟೆಯನ್ನು ಎತ್ತಿದರು. ಸುಂಕದವನು ನಮಸ್ಕಾರ ಹೇಳಿ ಯಲ್ಲಾಪುರಕ್ಕೆ ಹೋದನು. ನನಗೊಂದು ಲಕೋಟೆ ಬಂದಿತು:

'ತಮ್ಮ ಬೇಡಿಕೆಯಂತೆ ಸ್ಥಳಪರಿಶೀಲನೆ ಮಾಡಲಾಯಿತು. ಸದರಿ ಊರಿಗೆ ಉತ್ತಮವಾದ ಸಂಕವು ಈಗಾಗಲೇ ಇರುವುದು ಕಂಡುಬಂದಿದೆ. ಇಲ್ಲದ ಕೊರತೆಯನ್ನು ಪತ್ರಿಕೆಗಳಲ್ಲಿ ಬರೆದು ಸರಕಾರದ ಕಾಲಹರಣ ಮಾಡಬಾರದಾಗಿ ತಿಳಿಸಲಾಗಿದೆ.'