ಅಗ್ಗಳಯ್ಯ ಮೇಷ್ಟರ ಉಳಿಕೆ ಭತ್ಯೆ

ಬಹಳ ಹಿಂದೆ, ಇಂದಿನ ಪತ್ರಿಕೆ ಅಚ್ಚಿಗೆ ಹೋಗುವುದಕ್ಕೂ ಮೊದಲೇ, ಕನಕಧ್ವಜವೆಂಬ ರಾಜ್ಯವಿತ್ತು. ಅಲ್ಲಿನ ಸರ್ಕಾರಿ ವಿದ್ಯಾಪೀಠದಲ್ಲಿ ಕಲ್ಲಾನೆಗಳು ಗಟ್ಟಿಯಾಗಿ ನಿಂತಿದ್ದವು, ಮೇಷ್ಟರುಗಳು ಮಾತ್ರ ನಿಲ್ಲುತ್ತಿರಲಿಲ್ಲ. ಸಂಬಳ ಸಾಲದೆ ಒಬ್ಬೊಬ್ಬರೇ ಪಕ್ಕದ ರಾಜ್ಯಕ್ಕೆ ಕಾಲು ಕೀಳುತ್ತಿದ್ದರು. ಗಣಿತದ ಅಗ್ಗಳಯ್ಯನವರು ಇಪ್ಪತ್ತಾರು ವರ್ಷದಿಂದ ಅದೇ ಮುರುಕು ಕುರ್ಚಿಯಲ್ಲಿ ಕೂತಿದ್ದರು. "ನಾವೂ ಹೋಗೋಣ" ಎಂದು ಹೆಂಡತಿ ಗೊಣಗಿದಾಗೆಲ್ಲ, "ಮಕ್ಕಳ ಪಾಠ ಅರ್ಧಕ್ಕೇ ನಿಂತೋಗತ್ತೆ ಕಣೇ" ಎನ್ನುತ್ತಿದ್ದರು.

ಮಹಾರಾಜ ಪ್ರಚಂಡವರ್ಮರು ಚಿಂತಾಕ್ರಾಂತರಾಗಿ ಶಿಕ್ಷಣ ಸಚಿವರನ್ನು ಕರೆಸಿದರು.

"ಪ್ರಭು, ಸಂಬಳ ಹೆಚ್ಚಿಸಿದರೆ ಎಲ್ಲರಿಗೂ ಹೆಚ್ಚಿಸಬೇಕಾಗುತ್ತದೆ. ಓಡಿಹೋಗುವವರಿಗೆ ಉಳಿಕೆ ಭತ್ಯೆ, ಹೊರಗಿನಿಂದ ಬರುವವರಿಗೆ ಆಗಮನ ಭತ್ಯೆ ಕೊಟ್ಟರೆ ಸಾಕು."

"ನಿಮ್ಮ ತಲೆಯೇ ತಲೆ!" ಎಂದರು ಮಹಾರಾಜರು. ಫೈಲು ಅಂದೇ ಮೂವ್ ಆಯಿತು.

ಅಗ್ಗಳಯ್ಯನವರು ಮಡಿಪಂಚೆಯುಟ್ಟು ಉಳಿಕೆ ಭತ್ಯೆಯ ಅರ್ಜಿ ಹಿಡಿದು ಕಚೇರಿಗೆ ಹೋದರು.

"ಪಕ್ಕದ ರಾಜ್ಯದಿಂದ ಕರೆಯೋಲೆ ಬಂದಿದ್ಯಾ?" ಗುಮಾಸ್ತ ಕೇಳಿದ.

"ಇಲ್ಲಪ್ಪ. ನಾನು ಎಲ್ಲೂ ಹೋಗೋನಲ್ಲ."

"ಹೋಗೋರೇ ಅಲ್ಲ ಅಂದ್ಮೇಲೆ ನಿಮ್ಮನ್ನ ಉಳಿಸ್ಕೊಳ್ಳೋದೇನು ಬಂತು ಸಾರ್?"

ಆ ಮಾತಿನಲ್ಲಿ ತಪ್ಪು ಹುಡುಕಲು ಗಣಿತದ ಮೇಷ್ಟರಿಗೂ ಆಗಲಿಲ್ಲ. ಮನಸ್ಸು ಮಾತ್ರ ಬಹಳ ನೊಂದಿತು.

ಉಳಿದ ಪಂಡಿತರು ಚುರುಕಿನವರು. ಸೋಮವಾರ ರಾಜೀನಾಮೆ ಕೊಟ್ಟು ಗಡಿಬಾಗಿಲು ದಾಟಿದರು. ಆಚೆಯ ಹುಣಸೆಮರದಡಿ ಬುತ್ತಿ ಉಂಡು ಮಂಗಳವಾರ ವಿದೇಶಿ ವಿದ್ವಾಂಸರಾಗಿ ಒಳಬಂದರು. ಹಾರ, ಜರಿಪೇಟ, ಪಲ್ಲಕ್ಕಿ, ಜೊತೆಗೆ ಆಗಮನ ಭತ್ಯೆ. ತರ್ಕಶಾಸ್ತ್ರದವರಂತೂ ಮೂರು ಸಲ ಬಂದರು. ಮೂರು ಸಲವೂ ಮಹಾರಾಜರು "ಪ್ರಯಾಣ ಸುಖಕರವಾಗಿತ್ತೆ?" ಎಂದು ವಿಚಾರಿಸಿದರು.

ಕೊನೆಗೆ ಅಗ್ಗಳಯ್ಯನವರ ವಿದ್ಯಾರ್ಥಿಗಳೇ ದುಂಬಾಲು ಬಿದ್ದರು. "ಒಂದೇ ಒಂದು ದಿನ ಹೋಗ್ಬಂದ್ಬಿಡಿ ಸಾರ್. ನಾವು ಹಳೇ ಲೆಕ್ಕ ಮಾಡ್ಕೊಂಡಿರ್ತೀವಿ" ಎಂದಳು ಮುಂದಿನ ಸಾಲಿನ ದೇಮವ್ವ. ಮೇಷ್ಟರು ಒಲ್ಲದ ಮನಸ್ಸಿನಿಂದ ರಾಜೀನಾಮೆ ಬರೆದು ಗಡಿ ದಾಟಿದರು. ಮರುದಿನ ಬಾಗಿಲಿಗೆ ಬಂದರೆ ಕಾವಲುಗಾರ ಆಗಷ್ಟೇ ಬಂದ ಸುತ್ತೋಲೆ ಓದಿದ: ಐವತ್ತು ದಾಟಿದವರನ್ನು ಹೊರಗಿನಿಂದ ನೇಮಿಸಿಕೊಳ್ಳುವಂತಿಲ್ಲ.

"ನಾನು ಹೊರಗಿನೋನಲ್ಲಪ್ಪ, ಇಲ್ಲೇ ಇದ್ದೋನು!"

"ಇದ್ದಿದ್ರೆ ಒಳಗೇ ಇರ್ತಿದ್ರಿ ಸ್ವಾಮಿ."

ಹುಣಸೆಮರದಡಿ ಕೂತು ಅಗ್ಗಳಯ್ಯನವರು ಕಣ್ಣೊರೆಸಿಕೊಂಡರು. ತಲೆಯೆತ್ತಿದರೆ ಎದುರಿಗೆ ದೇಮವ್ವ, ಅವಳ ಹಿಂದೆ ಇಡೀ ತರಗತಿ! ಅರ್ಧಕ್ಕೆ ನಿಂತಿದ್ದ ಪಾಠ ಅಲ್ಲಿಯೇ ಮುಂದುವರಿಯಿತು. ವಿದ್ಯಾಪೀಠದ ಪಂಡಿತರೆಲ್ಲ ಹೋಗಿಬರುವ ಗಡಿಬಿಡಿಯಲ್ಲಿದ್ದುದರಿಂದ ಉಳಿದ ತರಗತಿಗಳ ಮಕ್ಕಳೂ ಮರದಡಿಗೆ ಬರತೊಡಗಿದರು.

ಸುದ್ದಿ ಕೇಳಿ ಮಹಾರಾಜರು ಹಿಗ್ಗಿಹೋದರು. "ನಮ್ಮ ಪ್ರಜೆಗಳ ಮಕ್ಕಳೆಲ್ಲ ವಿದೇಶದಲ್ಲಿ ಓದುತ್ತಿದ್ದಾರೆ!" ಎಂದು ಡಂಗುರ ಹೊಡೆಸಿ, ಸಚಿವರಿಗೆ 'ವಿದ್ಯಾರತ್ನ' ಬಿರುದು ಕೊಟ್ಟರು. ಭತ್ಯೆಯ ಖರ್ಚು ಸರಿದೂಗಿಸಲು ಗಡಿಬಾಗಿಲಿಗೆ ಟೋಲ್ ಗೇಟ್ ಬಂತು. ಈಗ ಮಕ್ಕಳು ಬೆಳಗ್ಗೆ ಪಾಠಕ್ಕೆ ಹೋಗುವಾಗ ಒಂದು ಸಲ, ಸಂಜೆ ಮನೆಗೆ ಮರಳುವಾಗ ಇನ್ನೊಂದು ಸಲ ಸುಂಕ ಕಟ್ಟುತ್ತಾರೆ. ಪಂಡಿತರ ಪಲ್ಲಕ್ಕಿಗಳಿಗೆ ವಿನಾಯಿತಿ ಇದೆ.