ಸಾಹೇಬರಿಗೆ ಒಂದೇ ಕಾಲು!

ಅಬ್ಬಿಗೇರಿಯ ಶಾಲಾ ಮಾಸ್ತರನಾದ ನಾನು ಧಾರವಾಡಕ್ಕೆ ಹೋಗಿ ಆರು ತಿಂಗಳು ಇಂಗ್ಲಿಷ್ ಕಲಿತು ಬಂದಿದ್ದೆ. ಆ ಭಾಷೆಯಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲವೆಂದು ನನ್ನ ದೃಢ ನಂಬಿಕೆ. ನಮ್ಮೂರ ಕೆರೆಯ ಒಡ್ಡು ಒಡೆದಿತ್ತು. ಅದನ್ನು ನೋಡಲು ಬರಲಿದ್ದ ಕುಂಪಣಿ ಸಾಹೇಬರು ರೋಣದಿಂದ ಚೀಟಿ ಕಳಿಸಿದಾಗ ಗೌಡರು ಅದನ್ನು ನನ್ನ ಕೈಗೇ ಕೊಟ್ಟರು. ಸಾಹೇಬರು ಮೆಚ್ಚಿದರೆ ಊರಿಗೆ ನೀರು, ನನಗೆ ದುಭಾಷಿಯ ನೌಕರಿ!

ನಾಳೆ ಬರುತ್ತೇನೆಂದು ಬರೆದು ಕೆಳಗೆ ಸೇರಿಸಿದ್ದರು: ‘ಆನ್ ಫುಟ್, ಸ್ಟಿಕ್ ಇನ್ ಹ್ಯಾಂಡ್. ಕೀಪ್ ಆ್ಯನ್ ಐ ಔಟ್.’

ಎರಡು ಕಾಲಿದ್ದರೆ ಫೀಟ್, ಒಂದೇ ಇದ್ದರೆ ಫುಟ್. ಬಾಯಿಪಾಠ ಮಾಡಿದ ನಿಯಮ! ಥಟ್ಟನೆ ಗೌಡರ ಕಡೆ ತಿರುಗಿದೆ.

“ಗೌಡ್ರ, ಸಾಹೇಬ್ರಿಗೆ ಒಂದ ಕಾಲರಿ!”

“ಅಯ್ಯ ಪಾಪ!”

“ಕೈನೂ ಒಂದ. ಕಣ್ಣೂ ಒಂದ. ಅದೂ ಹೊರಗ ಬಂದೈತಂತ!”

ಗೌಡರು ಎದ್ದರು, ಕುಳಿತರು, ಮತ್ತೆ ಎದ್ದರು. ಸಾಹೇಬರನ್ನು ಹೊತ್ತು ತರಲು ಮದುವೆಯ ಮೇಣೆಯನ್ನು ಅಟ್ಟದಿಂದ ಇಳಿಸಿದರು. ನಾನು ಬಡಿಗೇರನ ಬೆನ್ನು ಹತ್ತಿ ಊರುಗೋಲು ಮಾಡಿಸಿದೆ. ಮನೆಗೆ ಬಂದರೂ ಕಾಲು ನಿಲ್ಲಲಿಲ್ಲ. ಪಡಸಾಲೆಯ ಉದ್ದಕ್ಕೂ ತಿರುಗಿದೆ.

“ಮೈಯಾಗ ಇಷ್ಟ ಉಳದವ್ರು ಅಷ್ಟ ದೂರ ಹ್ಯಾಂಗ ಬರ್ತಾರ್ರಿ?” ಎಂದಳು ಹೆಂಡತಿ.

“ನಿನಗ ವ್ಯಾಕರಣ ತಿಳಿಯೂದಿಲ್ಲ!”

ಬೆಳಿಗ್ಗೆ ಊರ ಮುಂದೆ ಮೇಣೆ ಸಿದ್ಧವಾಯಿತು. ಸಾಹೇಬರ ಕಾಣುವ ಕಣ್ಣು ಯಾವ ಕಡೆಯದೋ ಎಂದು ದಾರಿಯ ಎರಡೂ ಬದಿಗೆ ಜನರನ್ನು ನಿಲ್ಲಿಸಿದೆ. ಅಷ್ಟರಲ್ಲಿ ಧೂಳು ತುಂಬಿದ ಬಿಳಿಯನೊಬ್ಬ ಬೆತ್ತ ಬೀಸುತ್ತ ದಡದಡ ನಡೆದು ಬಂದ. ಸಾಹೇಬರ ಆಳಿರಬೇಕು!

“ಏ, ಬಾಜೂಕ ಸರಿ! ಸಾಹೇಬ್ರು ಬರೂ ಹೊತ್ತಾತು!”

“ನಾನ ಸಾಹೇಬ,” ಎಂದನಾತ ಕನ್ನಡದಲ್ಲೇ.

ಕಾಲು ಎಣಿಸಿದೆ. ಎರಡು. ಕೈ ಎರಡು. ಕಣ್ಣೂ ಎರಡು. ಎರಡೂ ಕೆಂಪಾಗಿದ್ದವು!

“ಮಾಸ್ತರ್ರ, ಒಂದ ಕಾಲಂದ್ರಿ?” ಗೌಡರು ಊರಿಗೆಲ್ಲ ಕೇಳುವಂತೆ ಕೂಗಿದರು.

ಸಾಹೇಬರು ವಿಷಯವನ್ನೆಲ್ಲ ಕೇಳಿ ತಿಳಿದು, ಹೊಟ್ಟೆ ಹಿಡಿದು ನಕ್ಕರು. “ಅದರರ್ಥ ಕೋಲ ಹಿಡಕೊಂಡು ನಡಕೊಂತ ಬರ್ತೀನಿ, ದಾರಿ ನೋಡ್ರಿ ಅಂತ!”

ನಡೆದು ಕಾಲಲ್ಲಿ ಬೊಬ್ಬೆ ಎದ್ದಿದ್ದರಿಂದ ಅವರು ಸಂತೋಷದಿಂದಲೇ ಮೇಣೆ ಏರಿದರು. ಕೆರೆ ನೋಡಿದರು, ಒಡ್ಡು ಕಟ್ಟಿಸಲು ಒಪ್ಪಿದರು. ಹೊರಡುವಾಗ ನನ್ನ ಮುಖ ನೋಡಿ ತಮ್ಮ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು.

“ಏನ ಬರದಾರ್ರಿ? ನೌಕರಿ ಏನರ?” ಗೌಡರು ಪಿಸುಗುಟ್ಟಿದರು.

ಇಣುಕಿ ಓದಿದೆ. ‘ಈ ಮಾಸ್ತರನಿಗೆ ಇಂಗ್ಲಿಷ್ ಬರುವುದಿಲ್ಲ.’

ನಾನು ತಪ್ಪಿಲ್ಲದೆ ಅರ್ಥಮಾಡಿಕೊಂಡ ಮೊದಲ ಇಂಗ್ಲಿಷ್ ವಾಕ್ಯ ಅದೇ!