ಅತ್ತೆಯ ಪತ್ರಿಕೆ, ಸಾಹೇಬರ ಕೆಂಪು ಶಾಯಿ

ಸರ್ಕಾರದ ಸಂಬಳ ತಿಂದು, ಸರ್ಕಾರವನ್ನು ಬಯ್ಯುವ ವಾರಪತ್ರಿಕೆ ಓದುವವನಿಗೆ ಪೇಚಾಟ ತಪ್ಪಿದ್ದಲ್ಲ. ಅರವತ್ತರ ದಶಕದಲ್ಲಿ ಹೊಸನಗರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಸಿಕ್ಕಿಬಿದ್ದರೆ ಮಳೆಕಾಡಿನ ಮೂಲೆ ಮೇಗರವಳ್ಳಿ ಕಡೆಗೆ ವರ್ಗ ಖಂಡಿತ. ಹೆಂಡತಿ ಆಗ ತುಂಬಿದ ಬಸುರಿ. ಹೆದರಿಕೆ ಇತ್ತು, ಚಟ ಬಿಡಲಿಲ್ಲ.

೧. ಚಂದಾದಾರರು

ಪತ್ರಿಕೆಯನ್ನು ನಮ್ಮ ಮನೆಯಲ್ಲೇ ಇದ್ದ ಅತ್ತೆಯ ಹೆಸರಿಗೆ ತರಿಸಿದೆ. ಅವರಿಗೆ ಅಕ್ಷರ ಬಾರದು. ಪೋಸ್ಟ್‌ಮನ್ ಮಾತ್ರ ಬೀದಿಯಿಂದಲೇ, "ಅಮ್ಮಾ, ಈ ವಾರ ಮಂತ್ರಿಗಳಿಗೆ ಸರೀ ಬಿದ್ದಿದೆ!" ಎಂದು ಕೂಗುತ್ತಿದ್ದ. ಅತ್ತೆ ದೊಡ್ಡ ರಾಜಕೀಯ ಪಂಡಿತೆ ಎಂದು ಊರೆಲ್ಲ ಹೆಸರಾಯಿತು.

ಚುನಾವಣೆ ಬಂತು. ಆಳುವ ಪಕ್ಷದವರು ಅಂಜುತ್ತಲೇ ಬಂದು, "ನಮ್ಮ ಮೇಲೆ ಎಂತ ಸಿಟ್ಟಮ್ಮಾ?" ಎಂದರು.

"ಸಿಟ್ಟೆಂತಕ್ಕೆ? ಜೋಗದ ಕರೆಂಟು ನಮ್ಮನೆ ಮೇಲಿಂದ್ಲೇ ಹೋಗ್ತದೆ, ಒಳಗೆ ಬರೂದಿಲ್ಲ. ಅಷ್ಟೇ."

ಆ ವಾರದ ಲೇಖನವೂ ಅದನ್ನೇ ಹೇಳಿತ್ತು. ಮುಖಂಡರು ಪಕ್ಕದವನಿಗೆ ಪಿಸುಗುಟ್ಟಿದರು: "ನೋಡಿದ್ಯಾ, ಪೂರ್ತಿ ಬಾಯಿಪಾಠ!"

೨. ತೀರ್ಥಹಳ್ಳಿ ಬಸ್ಸು

ಬಸ್ಸಿನಲ್ಲಿ ಪತ್ರಿಕೆಯನ್ನು ಕಚೇರಿ ಫೈಲಿನೊಳಗೆ ಇಟ್ಟು ಓದುತ್ತಿದ್ದೆ. ನಗು ತಡೆಯಲಾಗಲಿಲ್ಲ.

ಕಂಡಕ್ಟರ್ ನಿಂತ. "ಸಾರ್, ಸರ್ಕಾರಿ ಫೈಲ್ ಹಿಡ್ಕಂಡು ಅಳೋರ್ನ ದಿನಾ ನೋಡ್ತೀನಿ. ನಗೋರು ನೀವೊಬ್ರೇ."

ಬಸ್ಸಿಗೆ ಬಸ್ಸೇ ನಕ್ಕಿತು. ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ನಮ್ಮ ಸಾಹೇಬರು! ಅವರು ಮಾತ್ರ ನಗಲಿಲ್ಲ.

೩. ಕೆಂಪು ಗೆರೆ

ಮರುದಿನ ಸಾಹೇಬರಿಂದ ಕರೆ. ಮೇಗರವಳ್ಳಿಯಲ್ಲಿ ಬಾಣಂತನ ಮಾಡಿಸುವುದು ಹೇಗೆಂದು ಯೋಚಿಸುತ್ತಲೇ ಒಳಗೆ ಹೋದೆ. ಮೇಜಿನ ಮೇಲೆ ಅದೇ ಪತ್ರಿಕೆ, ಪಕ್ಕದಲ್ಲಿ ಕೆಂಪು ಶಾಯಿ.

"ಇದರಲ್ಲಿ ಆಕ್ಷೇಪಾರ್ಹವಾದದ್ದು ಎಂತೆಂತ ಇದೆ ಅಂತ ಮೇಲಿನವರು ವಾರವಾರ ವರದಿ ಕೇಳಿದಾರೆ. ಓದಿ, ಗೆರೆ ಎಳೆದು ಕೊಡಿ."

"ಓದಿದ್ರೆ ತಪ್ಪಲ್ವಾ ಸಾರ್?"

"ಸ್ವಂತಕ್ಕೆ ಓದಿದ್ರೆ ತಪ್ಪು. ಇದು ಡ್ಯೂಟಿ. ನಗಬಾರ್ದು, ಅಷ್ಟೇ."

ನನಗೆ ಹೋದ ಜೀವ ಬಂತು. ಗೆರೆ ಎಳೆದು ಕೊಟ್ಟ ಮೇಲೆ ಸಾಹೇಬರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ನಗು ಕೇಳುತ್ತಿತ್ತು. ಒಂದು ವಾರವಂತೂ, "ಎಂತ ರೀ, ಕೆಂಪೇ ಇಲ್ಲ? ಸರಿಯಾಗಿ ಓದಿದ್ರಾ?" ಎಂದು ಗದರಿದರು.

ಇಷ್ಟು ಉತ್ಸಾಹದ ವರದಿ ನೋಡಿ ಮೇಲಿನವರಿಗೆ ಅನುಮಾನ ಬಂದಿರಬೇಕು. ಮೇಗರವಳ್ಳಿ ಕಡೆಗೆ ವರ್ಗದ ಆರ್ಡರ್ ಬಂದೇಬಿಟ್ಟಿತು. ನನಗಲ್ಲ, ಸಾಹೇಬರಿಗೆ!

ಜೀಪು ಹತ್ತುವ ಮೊದಲು ನನ್ನನ್ನು ಹತ್ತಿರ ಕರೆದರು.

"ಅಲ್ಲಿ ಪತ್ರಿಕೆ ಸಿಗೂದಿಲ್ಲವಂತೆ. ನಿಮ್ಮ ಅತ್ತೆಯವರದ್ದು ಓದಿ ಆದ್ಮೇಲೆ ನಂಗೆ ಕಳ್ಸಿ."

ನಾನು ಬೆಪ್ಪಾಗಿ ತಲೆಯಾಡಿಸಿದೆ. ಜೀಪು ಹೊರಟ ಮೇಲೂ ಕತ್ತು ಹೊರಗೆ ಹಾಕಿ ಕೂಗಿದರು:

"ಗೆರೆ ಎಳೀದೆ ಕಳಿಸ್ಬೇಡಿ ರೀ! ಪೂರ್ತಿ ಓದೋಕೆ ಪುರುಸೊತ್ತು ಯಾರಿಗಿದೆ?"